ಮುಯ್ಯಿ ತೀರಿಸಲು ಬಂದವರು

ಶ್ರಾವಣದ ಒಂದು ಬೆಳಿಗ್ಗೆ ಹುಣಸೂರಿನಿಂದ ಹೆಗ್ಗಡದೇವನಕೋಟೆಗೆ ಹೊರಟ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ಶಿಕ್ಷಕರ ತರಬೇತಿಗೆ ತಡವಾಗುತ್ತದೆಂಬ ಆತಂಕದಲ್ಲಿ ಕಿಟಕಿಯಿಂದ ಹೊರಗೆ ನೋಡಿದೆ. ದೂರದಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯಿಂದ ಬೇಯುವ ಎಲೆಯ ಸಿಹಿಗಮಟು ಗಾಳಿಯಲ್ಲಿತ್ತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ. ರಾಗಿ ಹೊಲದಿಂದ ಕಿತ್ತು ಬದುವಿನ ಮೇಲೆ ಗುಡ್ಡೆ ಹಾಕಿದ ಕಳೆ ಮಳೆಗೆ ನೆಂದು, ಬಿಸಿಲಿಗೆ ಬಾಡಿ, ಮತ್ತೆ ನೆಂದಾಗ ಬರುವ ವಾಸನೆ ಅದು. ಪಕ್ಕದಲ್ಲಿದ್ದ ಸಹೋದ್ಯೋಗಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ನನ್ನ ಇಪ್ಪತ್ತೆರಡನೆಯ ವಯಸ್ಸಿನ ಮಳೆಗಾಲ ನೆನಪಾಯಿತು. ಆಗ ನಾನು ಆಡಿದ ಒಂದು ಮಾತು, ಅದರಿಂದ ಕೈತಪ್ಪಿದ ಒಂದು ಪ್ರಯಾಣ ನೆನಪಾದವು. ಆ ಮಾತನ್ನು ನಾನು ಇಂದಿಗೂ ಹಿಂತೆಗೆದುಕೊಂಡಿಲ್ಲ. ಇದನ್ನು ಬರೆಯುತ್ತಿರುವುದೂ ಹಿಂತೆಗೆದುಕೊಳ್ಳುವುದಕ್ಕಲ್ಲ.

ನಾನು ಕೃಷ್ಣರಾಜನಗರ ತಾಲ್ಲೂಕಿನ ನಾಲೆಬಯಲಿನವಳು. ನಮ್ಮ ಮನೆತನದಲ್ಲಿ ಪದವಿಯ ಮೆಟ್ಟಿಲು ಹತ್ತಿದವರು ನನಗಿಂತ ಮೊದಲು ಯಾರೂ ಇರಲಿಲ್ಲ. ಆ ಕಾರಣಕ್ಕೇ ಮಾತು ತಪ್ಪಾಗಬಾರದೆಂಬ ಭಯ ನನಗೆ ಸದಾ ಇತ್ತು. ಕನ್ನಡದಲ್ಲಿ ಮಾತನಾಡಿದರೆ ಊರಿನ ಭಾಷೆ ಎಲ್ಲಿ ನುಸುಳೀತೋ ಎಂಬ ಭಯ; ಇಂಗ್ಲಿಷಿನಲ್ಲಿ ಮಾತನಾಡಿದರೆ ಕ್ರಿಯಾಪದ ಎಲ್ಲಿ ಜಾರೀತೋ ಎಂಬ ಭಯ. ಬಚ್ಚಲಿನಲ್ಲಿ ನೀರು ಹುಯ್ದುಕೊಳ್ಳುತ್ತ ಇಂಗ್ಲಿಷ್ ವಾಕ್ಯಗಳನ್ನು ಗಟ್ಟಿಯಾಗಿ ಹೇಳಿ ನೋಡುತ್ತಿದ್ದೆ. ಒಳಗೆ ಯಾರಿದ್ದಾರೆ ಎಂದು ಅವ್ವ ಒಮ್ಮೆ ಬಾಗಿಲು ಬಡಿದು ಕೇಳಿದ್ದುಂಟು.

ಬಿ.ಎ. ಮುಗಿಸಿದ ವರ್ಷ ನನಗೊಂದು ತಾತ್ಕಾಲಿಕ ಕೆಲಸ ದೊರೆಯಿತು. ಹೊಸ ಶತಮಾನದ ಆರಂಭದ ವರ್ಷಗಳು ಅವು. ಹೊರದೇಶದ ಕಾಲೇಜು ವಿದ್ಯಾರ್ಥಿಗಳನ್ನು ಕರೆತಂದು ನಮ್ಮ ಹಳ್ಳಿಗಳಲ್ಲಿ ಕೆಲವು ವಾರ ಇರಿಸುವ ಸಂಸ್ಥೆಯೊಂದು ಅಂತರಸಂತೆಯ ಒಳಭಾಗದ ಒಂದು ಊರಿನಲ್ಲಿ ಶಿಬಿರ ನಡೆಸುತ್ತಿತ್ತು. ನನ್ನದು ದುಭಾಷಿಯ ಕೆಲಸ. ಶಿಬಿರದ ಹೊಣೆ ಹೊತ್ತಿದ್ದವರು ಮೈಸೂರಿನ ಪ್ರಭಾಕರ್ ಸರ್. ಕೆಟ್ಟವರೆಂದು ಅವರನ್ನು ಹೇಳಲಾರೆ. ಮಳೆಯಲ್ಲಿ ನೆಂದು ಬಂದವಳಿಗೆ ತಮ್ಮ ಛತ್ರಿ ಕೊಟ್ಟು, ತಾವು ತಲೆಯ ಮೇಲೆ ಕರವಸ್ತ್ರ ಹಾಕಿಕೊಂಡು ನಡೆದವರು ಅವರು.

ಮೊದಲ ವಾರದಲ್ಲಿಯೇ ಅವರು ನನಗೊಂದು ಆಸೆ ತೋರಿಸಿದರು. ಬರಲಿದ್ದ ವಿದ್ಯಾರ್ಥಿಗಳ ಇಂಗ್ಲೆಂಡಿನ ಕಾಲೇಜಿಗೆ ಇಲ್ಲಿಂದ ಒಬ್ಬರನ್ನು ಆರು ತಿಂಗಳ ಮಟ್ಟಿಗೆ ಕಳುಹಿಸುವ ಯೋಜನೆ ಸಂಸ್ಥೆಯಲ್ಲಿತ್ತು. ಈ ತಂಡದ ಶಿಬಿರ ಚೆನ್ನಾಗಿ ನಡೆದರೆ ಆ ಸ್ಥಾನ ನನಗೆ. "ನೋಡಮ್ಮ, ಅವರು ಇಲ್ಲಿಗೆ ಬರೋದು ಸೇವೆಗೆ, ನೀನು ಅಲ್ಲಿಗೆ ಹೋಗೋದು ಕಲಿಯೋಕೆ. ಎರಡೂ ಕಡೆಗೂ ಒಳ್ಳೆಯದು," ಎಂದರು. ಅಂದು ನನಗೆ ಆ ವಾಕ್ಯದಲ್ಲಿ ಯಾವ ಐಬೂ ಕಾಣಲಿಲ್ಲ. ಭಾನುವಾರ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಸಂಜೆಯೊಳಗೆ ನಾಲೆಯ ಮೇಲಿನವರಿಗೂ ಕೆಳಗಿನವರಿಗೂ ಸುದ್ದಿ ಮುಟ್ಟಿತ್ತು. ಶೀನಪ್ಪನ ಮಗಳು ವಿಮಾನ ಹತ್ತುತ್ತಾಳೆ ಎಂದು ಭತ್ತದ ಗಿರಣಿಯ ಮುಂದೆ ಜನ ಆಡಿಕೊಳ್ಳತೊಡಗಿದರು. ಅಲ್ಲಿಂದಾಚೆಗೆ ಆ ಸ್ಥಾನ ನನ್ನೊಬ್ಬಳದಾಗಿ ಉಳಿಯಲಿಲ್ಲ.

ಹುಡುಗ ಹುಡುಗಿಯರು ಆಷಾಢದ ಕೊನೆಯಲ್ಲಿ ಬಂದಿಳಿದರು. ಶಾಲೆಯ ಗೋಡೆಗೆ ಬಣ್ಣ ಬಳಿಯುವುದು ಅವರಿಗೆ ಗೊತ್ತುಮಾಡಿದ್ದ ಸೇವೆ. ಆದರೆ ಆ ವರ್ಷದ ಸೋನೆ ಬಿಡುವ ಲಕ್ಷಣವೇ ಇರಲಿಲ್ಲ. ಕಾಕನಕೋಟೆಯ ಕಾಡಿನ ಕಡೆಯಿಂದ ಮೋಡ ಕವಿದುಕೊಂಡು ಬರುತ್ತಿತ್ತು, ಜಿನುಗುತ್ತಿತ್ತು, ಹೋಗುತ್ತಿರಲಿಲ್ಲ. ಹಚ್ಚಿದ ಬಣ್ಣ ಅಂದೇ ಗೋಡೆಯಿಂದ ಇಳಿದು ಜಗಲಿಯ ಮೇಲೆ ಹರಿಯಿತು. ದೂರದಿಂದ ಬಂದವರನ್ನು ಸುಮ್ಮನೆ ಕೂರಿಸುವಂತಿಲ್ಲ. ಆಗ ಪ್ರಭಾಕರ್ ಸರ್ ಕಣ್ಣಿಗೆ ಬಿದ್ದದ್ದು ಶಾಲೆಯ ಹಿಂದಿನ ರಾಗಿ ಹೊಲಗಳು. ಪೈರು ಗೇಣುದ್ದ ಎದ್ದಿತ್ತು, ಕಳೆ ಅದಕ್ಕಿಂತ ಮೇಲೆ ಎದ್ದಿತ್ತು.

ಹೊಲಗಳು ಜವರಮ್ಮನ ಮತ್ತು ಆಕೆಯ ಓಣಿಯವರವು. ಆ ಓಣಿಯ ಹೆಂಗಸರ ಗುಂಪಿಗೆ ಆಕೆಯೇ ಹಿರಿಯಳು. ಇಂದು ಯಾರ ಹೊಲಕ್ಕೆ ಇಳಿಯಬೇಕು, ನಾಳೆ ಯಾರದಕ್ಕೆ ಎಂದು ತೀರ್ಮಾನಿಸುವವಳು. ನಾನು ಮೊದಲ ದಿನ ಬಹಳ ಎಚ್ಚರದಿಂದ "ಜವರಮ್ಮನವರೇ" ಎಂದು ಕರೆದಾಗ ಗುಂಪಿಗೆ ಗುಂಪೇ ನಕ್ಕಿತ್ತು. ಮರುದಿನದಿಂದ ದೊಡ್ಡವ್ವ ಎಂದೆ. ವಿದ್ಯಾರ್ಥಿಗಳು ಕಳೆ ಕೀಳುತ್ತಾರೆ, ಕೂಲಿ ಬೇಡ, ಊಟ ಬೇಡ, ಇದು ಸೇವೆ ಎಂದು ಆಕೆಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ತಿಳಿಸಿದೆ. ಬದುವಿನ ಮೇಲೆ ನಿಂತಿದ್ದ ಮಾದೇವಿ, ನನ್ನದೇ ವಯಸ್ಸಿನ ಸೊಸೆಹುಡುಗಿ, ಥಟ್ಟನೆ ಕೇಳಿದಳು.

"ಸೇವೆ ದ್ಯಾವ್ರಿಗಲ್ವಾ ಮಾಡಾದು? ನಮ್ಮತ್ತೆ ಯಾವಾಗ ದ್ಯಾವ್ರಾದ್ಲು?"

ಜವರಮ್ಮ ಸೊಸೆಯ ಕಡೆಗೆ ತಿರುಗಿಯೂ ನೋಡಲಿಲ್ಲ. "ಬಿಟ್ಟಿ ಆಳು ನಮ್ ಒಲಕ್ಕೆ ಬ್ಯಾಡ ಕಣವ್ವ. ಮುಯ್ಯಿ ಅಂದ್ರೆ ಇಳೀಲಿ," ಎಂದಳು.

ಮುಯ್ಯಿಯೆಂದರೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಇಂದು ನೀವು ನನ್ನ ಹೊಲಕ್ಕೆ ಒಂದು ಆಳು ಬಂದರೆ, ನಾಳೆ ನಾನು ನಿಮ್ಮ ಹೊಲಕ್ಕೆ ಒಂದು ಆಳು ಬರಬೇಕು. ಆಳಿಗೆ ಆಳು. ನಿಧಾನಸ್ಥೆಯಾದರೂ ಚುರುಕಿನವಳಾದರೂ ಲೆಕ್ಕ ಒಂದೇ. ಅದನ್ನು ತೀರಿಸದೆ ಉಳಿಸಿಕೊಂಡವಳನ್ನು ಯಾರೂ ಬೈಯುವುದಿಲ್ಲ, ಆದರೆ ಮುಂದಿನ ಸಲ ಅವಳ ಬದುವಿನ ಮೇಲೆ ಯಾರೂ ನಿಲ್ಲುವುದಿಲ್ಲ. ಇದನ್ನು ನಾನು ಇಂಗ್ಲಿಷಿನಲ್ಲಿ ವಿವರಿಸಿದೆ. ವಿದ್ಯಾರ್ಥಿಗಳು ಸಂತೋಷದಿಂದ ತಲೆಯಾಡಿಸಿದರು. ಪ್ರಭಾಕರ್ ಸರ್, "ಏನಾದರೂ ಅಂದುಕೊಳ್ಳಲಿ, ಹೊಲಕ್ಕೆ ಬಿಟ್ಟರೆ ಸಾಕು," ಎಂದರು. ಊರಿನ ಹೆಂಗಸರ ಮಟ್ಟಿಗೆ ಅಲ್ಲಿಗೆ ಒಪ್ಪಂದ ಮುಗಿಯಿತು.

ಆ ಮಕ್ಕಳು ಕೆಲಸಕ್ಕೆ ಹಿಂಜರಿಯಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಕುಕ್ಕುರುಗಾಲಿನಲ್ಲಿ ಕೂರಲು ಬಾರದೆ ಮಂಡಿಯೂರಿ ತೆವಳಿದರು. ಮಂಡಿ ಕೆಂಪಗಾಗಿ ಬಾತುಕೊಂಡರೂ ಸಾಲು ಬಿಡಲಿಲ್ಲ. ಮೊದಲೆರಡು ದಿನ ಪೈರೂ ಕಳೆಯ ಜೊತೆ ಕಿತ್ತುಬಂತು, ಆಮೇಲೆ ಕೈ ಕುದುರಿತು. ರೂತ್ ಎಂಬ ಎತ್ತರದ ಹುಡುಗಿಯೊಬ್ಬಳು ಮಾದೇವಿಯ ಪಕ್ಕದ ಸಾಲನ್ನೇ ಹಿಡಿಯುತ್ತಿದ್ದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಬೆಳಗಿನಿಂದ ಸಂಜೆಯವರೆಗೆ ಮಾತು. ನಡುವೆ ದುಭಾಷಿ ಬೇಕಾದಾಗ, ನಾನು ಎಲ್ಲಿದ್ದರೂ ಮಾದೇವಿ ಕೂಗಿ ಕರೆಯುತ್ತಿದ್ದಳು. ರೂತ್‌ಗೆ ಕೇಳುವುದು ಬಹಳ ಇರುತ್ತಿತ್ತು. ಈ ಸಾಲು ಯಾರದು, ನಾಳೆ ಯಾರ ಹೊಲ, ಹೊಲವಿಲ್ಲದವಳು ಮುಯ್ಯಿಗೆ ಬಂದರೆ ಅವಳಿಗೆ ಹೇಗೆ ತೀರಿಸುತ್ತೀರಿ. ಅಷ್ಟರಲ್ಲಿ ಪ್ರಭಾಕರ್ ಸರ್ ಬಂದು ಚಪ್ಪಾಳೆ ತಟ್ಟುತ್ತಿದ್ದರು. ಮಾತು ಆಮೇಲೆ, ಕೆಲಸ ಮೊದಲು. ನಾವು ಬಂದಿರುವುದು ಇವರ ಸಮಯ ತೆಗೆದುಕೊಳ್ಳುವುದಕ್ಕಲ್ಲ, ಇವರಿಗೆ ನಮ್ಮ ಸಮಯ ಕೊಡುವುದಕ್ಕೆ ಎಂದು ಅವರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ರೂತ್ ಮುಖ ಸಣ್ಣ ಮಾಡಿಕೊಂಡು ಮತ್ತೆ ಬಾಗುತ್ತಿದ್ದಳು.

ಸಂಜೆ ಕಾಫಿಯ ನಂತರ ಎಲ್ಲರೂ ಸುತ್ತ ಕೂರಬೇಕು. ಇವತ್ತು ಏನು ಕೊಟ್ಟಿರಿ ಎಂದು ಒಬ್ಬೊಬ್ಬರನ್ನೂ ಕೇಳಲಾಗುತ್ತಿತ್ತು. ಒಬ್ಬ ಶ್ರಮ ಕೊಟ್ಟೆ ಎಂದ, ಇನ್ನೊಬ್ಬಳು ನಗು ಕೊಟ್ಟೆ ಎಂದಳು. ಏನು ತಿಳಿದುಕೊಂಡಿರಿ ಎಂಬ ಪ್ರಶ್ನೆ ಆ ಸುತ್ತಿನಲ್ಲಿ ಒಮ್ಮೆಯೂ ಬರಲಿಲ್ಲ. ನಾನು ಗೋಡೆಗೆ ಒರಗಿ ಕೂತು, ಇಂಗ್ಲೆಂಡಿನಲ್ಲಿ ನನ್ನನ್ನು ಯಾವ ಪ್ರಶ್ನೆ ಕೇಳಬಹುದು ಎಂದು ಯೋಚಿಸುತ್ತಿದ್ದೆ. ಅಲ್ಲಿ ಖಂಡಿತ ಏನು ಕಲಿತೆ ಎಂದೇ ಕೇಳುತ್ತಾರೆ. ನಾನು ಅವರಿಗೆ ಏನು ಕೊಟ್ಟೆ ಎಂದು ಕೇಳುವವರು ಯಾರೂ ಇರುವುದಿಲ್ಲ. ಪ್ರಭಾಕರ್ ಸರ್ ಹೇಳಿದ ವಾಕ್ಯ ನನಗೆ ಮೊದಲ ಬಾರಿಗೆ ಚುಚ್ಚಿದ್ದು ಅಂತಹ ಒಂದು ಸಂಜೆ.

ಕಳೆ ಮುಗಿಯಿತು. ಕೊನೆಯ ವಾರಕ್ಕೆ ಆ ಕಾಲೇಜಿನ ಅಧ್ಯಾಪಕರು, ಮಾರ್ಟಿನ್ ಎಂಬವರು, ಶಿಬಿರವನ್ನು ನೋಡಲು ಬಂದರು. ನನ್ನ ಸ್ಥಾನದ ಬಗ್ಗೆ ಕೊನೆಯ ಮಾತು ಅವರದು ಮತ್ತು ಪ್ರಭಾಕರ್ ಸರ್ ಅವರದು. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದೆ. ಮಾರ್ಟಿನ್ ಶಿಬಿರದ ಅಂಗಳದಲ್ಲಿ ವಿದ್ಯಾರ್ಥಿಗಳ ಜೊತೆ ಮಾತನಾಡುತ್ತಿದ್ದಾಗ, ಶಾಲೆಯ ಕಡೆಯಿಂದ ಹೆಂಗಸರ ಗುಂಪು ಬರುವುದು ಕಂಡಿತು. ಮುಂದೆ ಜವರಮ್ಮ. ಎಲ್ಲರ ಸೊಂಟದಲ್ಲಿ ಕುಡುಗೋಲು, ಮಳೆಗೆಂದು ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ, ಕೈಯಲ್ಲಿ ಬುತ್ತಿ.

ಪ್ರಭಾಕರ್ ಸರ್ ಮುಖ ಕಪ್ಪಿಟ್ಟಿತು. ಏನು ತಕರಾರು ಕೇಳಮ್ಮ, ಇವತ್ತೇ ಬರಬೇಕಿತ್ತೇ ಇವರು ಎಂದು ನನ್ನನ್ನು ಮುಂದೆ ನೂಕಿದರು. ಹೋಗಿ ಕೇಳಿದೆ.

"ತಕರಾರು ಯಾಕ್ ಬಂದಾದು," ಎಂದಳು ಜವರಮ್ಮ. "ಮುಯ್ಯಿ ತೀರ್ಸಕೆ ಬಂದೀವಿ. ಇವ್ರು ವಾರಕ್ಕೆ ಒಂಟೋಯ್ತರಂತಲ್ಲ, ಆಮೇಲೆ ಸಮುದ್ರ ದಾಟ್ಕಂಡು ಯಾರ್ ಒಲಕ್ಕೆ ಓಗಾನ ನಾವು? ಇವ್ರ ಕೆಲ್ಸ ಏನದೆ ಯೋಳು. ಮಾಡ್ಕೊಟ್ಟು ಓಯ್ತೀವಿ."

ವಿದ್ಯಾರ್ಥಿಗಳು ದುಡಿದ ದಿನಗಳನ್ನು ಆಳಿಗೆ ಆಳು ಲೆಕ್ಕ ಹಾಕಿ, ಒಂದೇ ದಿನದಲ್ಲಿ ತೀರಲೆಂದು ಇಡೀ ಓಣಿಯವರು ಆ ದಿನದ ಕೂಲಿ ಬಿಟ್ಟು ಬಂದಿದ್ದರು. ಬೇರೆ ಕಡೆ ಹೊಗೆಸೊಪ್ಪು ಮುರಿಯುವ ಕೆಲಸ ಕೈತುಂಬ ಇದ್ದ ಕಾಲ ಅದು. ಹೊಲವೇ ಇಲ್ಲದವರಿಂದ ಮುಯ್ಯಾಳು ತೆಗೆದುಕೊಂಡು ಅವರೆಲ್ಲ ಇಕ್ಕಟ್ಟಿಗೆ ಸಿಕ್ಕಿದ್ದರು; ಇಕ್ಕಟ್ಟನ್ನು ಬಿಡಿಸಿಕೊಳ್ಳದೆ ಹಿಂದಿರುಗುವವರಾಗಿರಲಿಲ್ಲ. ನಾನು ವಿಷಯ ತಿಳಿಸಿದಾಗ ಪ್ರಭಾಕರ್ ಸರ್ ನಿಟ್ಟುಸಿರು ಬಿಟ್ಟರು, ನಕ್ಕರು. ನಂತರ ದನಿ ತಗ್ಗಿಸಿ ಕನ್ನಡದಲ್ಲಿ ಹೇಳಿದರು.

"ಥ್ಯಾಂಕ್ಸ್ ಹೇಳೋಕೆ ಬಂದಿದ್ದಾರೆ ಅಂತ ಮಾರ್ಟಿನ್ ಅವರಿಗೆ ಹೇಳಿಬಿಡಮ್ಮ. ಒಂದು ಫೋಟೋ ತೆಗೆದು ಕಳಿಸೋಣ."

ಮಾರ್ಟಿನ್ ನನ್ನ ಮುಖ ನೋಡುತ್ತ ಕಾಯುತ್ತಿದ್ದರು. ಜವರಮ್ಮನೂ ನನ್ನ ಮುಖವನ್ನೇ ನೋಡುತ್ತಿದ್ದಳು. ಎರಡು ಭಾಷೆಗಳ ನಡುವೆ ನಾನೊಬ್ಬಳೇ ನಿಂತಿದ್ದೆ. ಆ ಹೊತ್ತಿನಲ್ಲಿ ನಾನು ಏನು ಹೇಳಿದರೂ ಅದೇ ಸತ್ಯವಾಗಿಬಿಡುತ್ತಿತ್ತು. ಅಷ್ಟು ದಿನ ತಪ್ಪಾಗಬಾರದೆಂದು ಹೆದರಿದವಳು ಬೇಕೆಂದೇ ತಪ್ಪು ಹೇಳುವುದು ಹೇಗೆ? ಇವರು ನಿಮ್ಮ ವಿದ್ಯಾರ್ಥಿಗಳ ದುಡಿಮೆಯನ್ನು ಹಿಂದಿರುಗಿಸಲು ಬಂದಿದ್ದಾರೆ, ಇವರಿಗೆ ಯಾವುದೂ ಪುಕ್ಕಟೆ ಬೇಡ, ನಿಮ್ಮ ವಿದ್ಯಾರ್ಥಿಗಳ ಕೆಲಸ ಏನೆಂದು ಕೇಳುತ್ತಿದ್ದಾರೆ ಎಂದು ಇದ್ದುದನ್ನು ಇದ್ದಂತೆಯೇ ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ಜೀವಮಾನದಲ್ಲಿ ಒಂದು ಕ್ರಿಯಾಪದವೂ ಜಾರದ ಮಾತು ಅದು.

ಮಾರ್ಟಿನ್ ಹುಬ್ಬೇರಿಸಿ, ಇವರ ಕೆಲಸವೇ, ಇವರು ವಿದ್ಯಾರ್ಥಿಗಳಲ್ಲವೇ, ಕಲಿಯುವುದೇ ಇವರ ಕೆಲಸ ಎಂದರು. ನಾನು ಅದನ್ನು ಕನ್ನಡಕ್ಕೆ ತಂದೆ. ಹೆಂಗಸರು ತಮ್ಮತಮ್ಮಲ್ಲೇ ಮಾತನಾಡಿಕೊಂಡರು. ಜವರಮ್ಮ ಕುಡುಗೋಲನ್ನು ಸೊಂಟದಿಂದ ತೆಗೆದು ಜಗಲಿಯ ಮೇಲಿಟ್ಟಳು.

"ಅಂಗಾದ್ರೆ ಅದ್ನೇ ಮಾಡ್ಸಾನ. ಕೂತ್ಕಳಿ ಎಲ್ಲಾರೂ. ಅದೇನ್ ಕೇಳ್ಬೇಕೋ ಕೇಳ್ಲಿ, ಒತ್ತು ಮುಳುಗಗಂಟ ನಾವು ಇವ್ರ ಆಳು."

ಅಂದು ಸಂಜೆಯವರೆಗೆ ಆ ಅಂಗಳದಲ್ಲಿ ನಡೆದದ್ದನ್ನು ಯಾವ ಕಾಲೇಜಿನಲ್ಲಿಯೂ ನಾನು ಮತ್ತೆ ನೋಡಿಲ್ಲ. ರೂತ್ ಅಷ್ಟು ದಿನ ನುಂಗಿಕೊಂಡಿದ್ದ ಪ್ರಶ್ನೆಗಳನ್ನೆಲ್ಲ ಹೊರಗೆ ತೆಗೆದಳು. ತೀರಿಸಲಾಗದವರು ಏನು ಮಾಡುತ್ತಾರೆ ಎಂದಾಗ, ತನ್ನ ಕಾಲು ಮುರಿದ ವರ್ಷ ಗುಂಪು ತನ್ನ ಹೊಲಕ್ಕೆ ಬಂದದ್ದನ್ನೂ, ತಾನು ಹಟ್ಟಿಯಲ್ಲಿ ಕೂತು ಅವರ ಕೂಸುಗಳನ್ನೆಲ್ಲ ನೋಡಿಕೊಂಡು ಅದನ್ನು ತೀರಿಸಿದ್ದನ್ನೂ ಜವರಮ್ಮ ಹೇಳಿದಳು. ಯಾರ ಹೊಲ ಮೊದಲು ಎಂಬ ಮಾತಿಗೆ ಅವರಲ್ಲೇ ಹಳೆಯ ಜಗಳವೊಂದು ಎದ್ದು, ಅದನ್ನೂ ನಾನು ಅನುವಾದಿಸಬೇಕಾಯಿತು. ಆಮೇಲೆ ಹೆಂಗಸರು ಕೇಳತೊಡಗಿದರು. ನಿಮ್ಮ ಮನೆಯಲ್ಲಿ ಕೆಲಸ ಮೇಲೆ ಬಿದ್ದರೆ ಯಾರು ಬರುತ್ತಾರೆ? ಸದಾ ಸುಮ್ಮನಿರುತ್ತಿದ್ದ ಒಬ್ಬ ಹುಡುಗ, ತನ್ನ ತಾತನ ಕಾಲದಲ್ಲಿ ಗೋಧಿ ಬಡಿಯಲು ಸುತ್ತಲಿನ ಮನೆಗಳವರು ಸರದಿಯ ಮೇಲೆ ಬರುತ್ತಿದ್ದರಂತೆ, ಈಗ ಯಂತ್ರವೊಂದೇ ಬರುತ್ತದೆ ಎಂದ.

"ಅಂಗಾದ್ರೆ ಇವ್ರೂ ನಮ್ಮಂಗೆ ಇದ್ದೋರೆಯಾ," ಎಂದಳು ಮಾದೇವಿ. "ನಡ್ವೆ ಕೆಟ್ಟೋದ್ರು, ಪಾಪ."

ನಾನು ಅದನ್ನೂ ಬಿಡದೆ ಹೇಳಿದೆ. ಎಲ್ಲರಿಗಿಂತ ಹೆಚ್ಚು ನಕ್ಕವನು ಆ ಹುಡುಗನೇ. ಮಧ್ಯಾಹ್ನ ಬುತ್ತಿ ಬಿಚ್ಚಿದರು. ಮುದ್ದೆ ಅಗಿಯಬಾರದು, ನುಂಗಬೇಕು ಎಂದು ಮಾರ್ಟಿನ್‌ಗೆ ಕಲಿಸಲು ಮೂವರು ಹೆಂಗಸರು ಅವರ ಎದುರಿಗೇ ಕೂತರು. ಸಂಜೆಯ ಸುತ್ತಿನಲ್ಲಿ ರೂತ್‌ಳ ಸರದಿ ಬಂದಾಗ ಆಕೆ, ಇವತ್ತು ನಾನು ಏನನ್ನೂ ಕೊಡಲಿಲ್ಲ, ಬರೀ ತೆಗೆದುಕೊಂಡೆ, ನನಗೆ ಅದರಿಂದ ನಾಚಿಕೆಯಾಗುತ್ತಿಲ್ಲ ಎಂದಳು.

ಮರುದಿನ ಪ್ರಭಾಕರ್ ಸರ್ ನನ್ನನ್ನು ಕರೆಸಿದರು. ಬೈಯಲಿಲ್ಲ, ಬೈದಿದ್ದರೆ ಸುಲಭವಾಗುತ್ತಿತ್ತು. ಸೇವೆಯ ಹೆಸರಿನಿಂದಲೇ ಈ ಶಿಬಿರ ನಡೆಯುತ್ತಿದೆ, ಆ ಹೆಸರು ಹೋದರೆ ಮುಂದಿನ ವರ್ಷ ಯಾರೂ ಕಳುಹಿಸುವುದಿಲ್ಲ, ನಿನ್ನ ಸ್ಥಾನವೂ ಅದರ ಮೇಲೆಯೇ ನಿಂತಿದೆ ಎಂದು ಬಿಡಿಸಿ ಹೇಳಿದರು. ಬೀಳ್ಕೊಡುಗೆಯ ಸಭೆಯಲ್ಲಿ ಊರಿನವರ ಪರವಾಗಿ ನಾನೇ ಎರಡು ಮಾತು ಆಡಬೇಕೆಂದರು.

"ವಿದ್ಯಾರ್ಥಿಗಳ ಸೇವೆಗೆ ಈ ಊರು ಚಿರಋಣಿ ಅಂತ ಹೇಳು. ಅಷ್ಟು ಸಾಕು. ಉಳಿದದ್ದು ನಾನು ನೋಡ್ಕೋತೀನಿ."

"ಊರು ಋಣ ತೀರಿಸಿಯಾಯಿತಲ್ಲ, ಸರ್," ಎಂದೆ.

"ಅದೆಲ್ಲ ಅವರವರಲ್ಲಿ. ಒಂದು ಮಾತಿನಿಂದ ನಿನಗೇನು ನಷ್ಟ? ನೀನು ಅಲ್ಲಿಗೆ ಕಲಿಯೋಕೆ ಹೋಗೋಳು, ನೆನಪಿರಲಿ."

"ಅವರು ಇಲ್ಲಿಗೆ ಬಂದದ್ದೂ ಅದಕ್ಕೇ ಅಲ್ಲವೇ, ಸರ್? ಅವರು ಸೇವೆಗೆ ಬಂದವರೆನ್ನುವುದಾದರೆ ನಾನೂ ಸೇವೆಗೇ ಹೋಗುತ್ತೇನೆ. ಅವರ ಊರಿನ ಶಾಲೆಗೆ ಸುಣ್ಣ ಹೊಡೆಯುತ್ತೇನೆ."

ಅವರು ಯೋಚನೆ ಮಾಡು ಎಂದಷ್ಟೇ ಹೇಳಿ ಕಳುಹಿಸಿದರು.

ಯೋಚನೆ ಮಾಡಿದೆ. ಅಪ್ಪನನ್ನು, ಗಿರಣಿಯ ಮುಂದೆ ಆಡಿಕೊಳ್ಳುವ ಜನರನ್ನು, ಆರು ತಿಂಗಳ ನಂತರ ಬದಲಾಗಿಹೋಗಬಹುದಾದ ನನ್ನ ಬಾಳನ್ನು ನೆನೆದೆ. ಒಂದೇ ಒಂದು ಪದ. ಹೇಳಿಬಿಟ್ಟರೆ ಜವರಮ್ಮನಿಗೆ ಅದು ತಿಳಿಯುವುದೂ ಇಲ್ಲ. ಅದೇ ನನ್ನನ್ನು ತಡೆಯಿತು. ಆಕೆಗೆ ತಿಳಿಯದ ಭಾಷೆಯಲ್ಲಿ ಆಕೆಯನ್ನು ಸಾಲಗಾರಳನ್ನಾಗಿ ಮಾಡಿ, ಆ ಸಾಲದ ಮೇಲೆ ನಾನು ವಿಮಾನ ಹತ್ತಬೇಕಿತ್ತು.

ಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಮಳೆ ನಿಂತು ಹೊಳವಾಗಿತ್ತು. ಪ್ರಭಾಕರ್ ಸರ್ ಇಂಗ್ಲಿಷಿನಲ್ಲಿ ಚೆನ್ನಾಗಿ ಮಾತನಾಡಿದರು, ನಂತರ ಊರಿನ ಮಗಳೆಂದು ನನ್ನನ್ನು ಕರೆದರು. ನಾನು ಆ ಊರಿನ ಮಗಳಾಗಿರಲಿಲ್ಲ. ಹೋಗಿ ನಿಂತು, ಊರಿನ ಪರವಾಗಿ ಮಾತನಾಡುವ ಹಕ್ಕು ನನಗಿಲ್ಲ, ಜವರಮ್ಮನವರು ಮಾತನಾಡುತ್ತಾರೆ, ನಾನು ಅನುವಾದಿಸುತ್ತೇನೆ ಎಂದೆ. ಜವರಮ್ಮ ಕೂತಲ್ಲಿಂದ ಏಳಲೂ ಇಲ್ಲ.

"ಏನ್ ಮಾತಾಡಾದು ಇದ್ರಲ್ಲಿ? ಅವ್ರು ನಮ್ ಒಲ ಮಾಡುದ್ರು. ನಾವು ಅವ್ರ ಕೆಲ್ಸ ಮಾಡ್ಕೊಟ್ವಿ. ತೀರೋಯ್ತು. ಇನ್ನೊಂದ್ ಸಲ ಬಂದ್ರೆ ಬರ್ಲಿ, ಕಲಿಯಕೆ ಬತ್ತೀವಿ ಅಂತ ಯೋಳೇ ಬರ್ಲಿ."

ಪದ ಬಿಡದೆ ಇಂಗ್ಲಿಷಿಗೆ ತಂದೆ. ಯಾರಿಗೂ ಯಾರ ಋಣವೂ ಇಲ್ಲ ಎಂಬುದನ್ನು ತುಸು ಗಟ್ಟಿಯಾಗಿಯೇ ಹೇಳಿದೆ. ವಿದ್ಯಾರ್ಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾರ್ಟಿನ್ ಸೌಜನ್ಯದಿಂದ ನನ್ನ ಕೈಕುಲುಕಿ, ನಮ್ಮ ಕಾಲೇಜಿಗೆ ಬಂದರೆ ಏನು ಕಲಿಯಲು ಇಷ್ಟಪಡುತ್ತೀರಿ ಎಂದು ಕೇಳಿದರು. ಅದಕ್ಕೆ ಉತ್ತರವನ್ನು ವಾರಗಟ್ಟಲೆ ಬಚ್ಚಲಿನಲ್ಲಿ ಸಿದ್ಧಪಡಿಸಿದ್ದೆ. ಅದನ್ನು ಹೇಳಲಿಲ್ಲ. ಕಲಿಯುವುದು ಇದ್ದೇ ಇದೆ, ಆದರೆ ನಾನು ಬಂದರೆ ನನ್ನಿಂದಲೂ ನಿಮ್ಮವರು ಏನಾದರೂ ಕಲಿಯಬೇಕು, ಅದಕ್ಕೊಂದು ತರಗತಿ ಕೊಡುತ್ತೀರಾ ಎಂದೆ. ಅವರು ನಕ್ಕರು, ಆಸಕ್ತಿಕರ ಎಂದರು. ಪ್ರಭಾಕರ್ ಸರ್ ನಗಲಿಲ್ಲ.

ಆ ಸ್ಥಾನ ಮೈಸೂರಿನ ಬೇರೊಬ್ಬ ಹುಡುಗಿಗೆ ಹೋಯಿತು. ನನ್ನ ಇಂಗ್ಲಿಷ್ ಇನ್ನೂ ಪಕ್ವವಾಗಬೇಕು ಎಂಬ ಕಾರಣ ಕೊಟ್ಟರು. ಬೇರೆ ಯಾವ ಕಾರಣ ಹೇಳಿದ್ದರೂ ನುಂಗಿಕೊಳ್ಳುತ್ತಿದ್ದೆ. ನನ್ನ ಇಂಗ್ಲಿಷ್ ಆ ಎರಡು ದಿನ ಎಷ್ಟು ಪಕ್ವವಾಗಿತ್ತೆಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೆಲಸ ಬಿಟ್ಟು, ಹುಣಸೂರಿನಲ್ಲಿ ಬಸ್ಸು ಬದಲಿಸಿ ಊರಿಗೆ ಬಂದೆ.

ಅಪ್ಪ ಜಗಲಿಯ ಮೇಲೆ ಕೂತು ನಡೆದದ್ದನ್ನೆಲ್ಲ ಕೇಳಿಸಿಕೊಂಡರು. ಅವರಿಗೆ ನೋವಾಯಿತೆಂಬುದು ಬೀಡಿ ಹಚ್ಚದೆ ಕೈಯಲ್ಲೇ ಹಿಡಿದುಕೊಂಡದ್ದರಿಂದ ತಿಳಿಯಿತು. "ಆ ಯಮ್ಮ ಅಂದಿದ್ನ ಬದ್ಲಾಯಿಸ್ದಂಗೆ ಯೋಳ್ದ್ಯಾ?" ಎಂದಷ್ಟೇ ಕೇಳಿದರು. ಹೌದೆಂದೆ.

ಕೆಲವು ದಿನಗಳ ನಂತರ ಅಪ್ಪನಿಗೆ ಬುತ್ತಿ ತೆಗೆದುಕೊಂಡು ಗದ್ದೆಗೆ ಹೋಗಿದ್ದೆ. ಮೇಲಿನ ಗದ್ದೆಯ ನಂಜಪ್ಪ ನಾಲೆಯ ಏರಿಯ ಮೇಲೆ ನಿಂತು, ನನಗೂ ಕೇಳಲೆಂದೇ ದನಿ ಎತ್ತಿ ಅಪ್ಪನನ್ನು ಕೇಳಿದ.

"ಏನ್ ಶೀನಣ್ಣ, ನಿನ್ ಮಗ್ಳಿಗೆ ಇನ್ನೂ ವಿಮಾನ ಬರ್ನಿಲ್ವಾ?"

ಅಪ್ಪ ಗುದ್ದಲಿಯನ್ನು ಹೆಗಲಿಗೇರಿಸಿಕೊಂಡರು.

"ಬಂದಿತ್ತು ಕಣಪ್ಪ. ನನ್ ಮಗ್ಳೇ ಅತ್ನಿಲ್ಲ," ಎಂದು ಹೇಳಿ, ನೀರು ಕಟ್ಟಲು ಗದ್ದೆಗೆ ಇಳಿದರು.